ಕಂಪ್ಯಾನಿಯನ್ ಮರದ ಎರಡು ಬೇರು

ಕಾಗೆಗಳಿನ್ನೂ ಬೆಳ್ಳಗಿದ್ದ ಕಾಲದಲ್ಲಿ ಪದಗಿರಿ ಅಂತೊಂದು ರಾಜ್ಯ. ಅಲ್ಲಿ ಮಾತುಗಳು ಮರವಾಗಿ ಬೆಳೆಯುತ್ತಿದ್ದವು. ಮರ ಒಣಗಿದರೆ ಆ ಮಾತು ಹೇಳುವ ಸಂಗತಿಯೂ ಮಾಯ. ಇಂಗ್ಲಿಷರ ನಾಡಿನಿಂದ ಹಡಗಲ್ಲಿ ಬಂದ ಕಂಪ್ಯಾನಿಯನ್, ಅಂದರೆ ಜೊತೆಗಾರ, ಎಂಬ ಮರಕ್ಕೆ ಲ್ಯಾಟಿನ್ ಎಂಬ ಹಳೆಯ ಮಣ್ಣಿನ ಎರಡು ಬೇರು. ಕರಾಳಕನೆಂಬ ಮಾಂತ್ರಿಕ, ಅವನ ಕೈ ಸೇದಿಹೋಗಲಿ, ನೆಲದಡಿ ಹೋಗಿ ಎರಡನ್ನೂ ಕಡಿದ.

ಅಂದಿನಿಂದ ಜೊತೆಯೆಂಬುದೇ ಸತ್ತಿತು. ಗಂಡ ಹೆಂಡತಿ ಬೆನ್ನು ತಿರುಗಿಸಿ ಉಂಡರು. ಕಾಯಿಲೆಯವರು ಯಾರ ಕೈತುತ್ತನ್ನೂ ಬಾಯಿಗೆ ಬಿಡದೆ ಸಾಯತೊಡಗಿದರು. ಬೇರು ಕಾಯುವ ಮನೆಯ ಹಿರಿಮಗಳು ತುಂಗವ್ವನಿಗೆ ಮಾತ್ರ ಮಾಟ ತಾಗಲಿಲ್ಲ. ಆದರೆ ಜ್ವರ ಬಂದ ತಂಗಿ ಚೆನ್ನಾಜಿ ಅವಳ ಕೈಯನ್ನೂ ತಳ್ಳಿದಳು. ಇನ್ನೊಂದು ದಿನ ಹೀಗಿದ್ದರೆ ಹುಡುಗಿ ಉಳಿಯುವುದಿಲ್ಲ.

ತುಂಗವ್ವ ಸೊಂಟಕ್ಕೆ ರೊಟ್ಟಿ ಕಟ್ಟಿಕೊಂಡು ಬೇರಿನ ಬಾವಿಗಿಳಿದಳು. ಬೇರು ಕಾಯುವವರು ಮೇಲೆ ಬಂದ ಮೇಲೆಯೇ ಉಣ್ಣಬೇಕು. ನೆಲದಡಿ ಒಂದು ತುತ್ತು ತಿಂದರೂ ಮತ್ತೆ ಮೇಲೆ ಬರುವಂತಿಲ್ಲ.

ಮೊದಲ ಬಾಗಿಲಲ್ಲಿ ಕುರುಡು ಹುಲಿ. "ಮರದ ಮುಂದಿನ ಬೇರಿನ ಅರ್ಥವೇನು? ತಪ್ಪಿದರೆ ತಿನ್ನುತ್ತೇನೆ" ಎಂದಿತು. ಕಡಿದ ಬೇರಿನ ಎಳೆಗಳು ಒಂದನ್ನೊಂದು ತಬ್ಬಿದ್ದವು. ತುಂಗವ್ವ ಸವರಿ ನೋಡಿ, "ಕೂಡಿ" ಎಂದಳು. ಹುಲಿ ಸರಿಯಿತು.

ಎರಡನೆಯ ಬಾಗಿಲಲ್ಲಿ ಕಲ್ಲಾನೆ. "ಹಿಂದಿನ ಬೇರಿನ ಅರ್ಥವೇನು? ತಪ್ಪಿದರೆ ತುಳಿಯುತ್ತೇನೆ." ಅವಳು ಆ ಬೇರನ್ನು ಮೂಸಿ ನೋಡಿದಳು. ಕೆಂಡದ ಮೇಲೆ ಸುಟ್ಟ ಹಿಟ್ಟಿನ ವಾಸನೆ. "ರೊಟ್ಟಿ" ಎಂದಳು. ಆನೆ ಸರಿಯಿತು.

ಮೂರನೆಯ ಬಾಗಿಲಲ್ಲಿ ಕರಾಳಕನೇ ಕೂತಿದ್ದ.

"ಕೂಡಿ ರೊಟ್ಟಿ ತಿನ್ನುವವರು, ಅದೇ ಕಂಪ್ಯಾನಿಯನ್. ಸರಿಯಾಗಿ ಹೇಳಿದೆ. ಇಬ್ಬರು ಹಂಚಿ ತಿಂದರೆ ಬೇರು ಕೂಡುತ್ತದೆ. ಆದರೆ ನಿನ್ನ ಜೊತೆ ಹಂಚಿಕೊಳ್ಳಲು ಇಲ್ಲಿ ನಾನೊಬ್ಬನೇ ಇರೋದು."

"ಯಾಕೆ ಕಡಿದೆ?"

"ನನ್ನನ್ನು ಪಂಕ್ತಿಯಿಂದ ಎಬ್ಬಿಸಿದರು. ಆಗ ನನಗೆ ಏಳು ವರ್ಷ."

ತುಂಗವ್ವನಿಗೆ ಕನಿಕರ ಬರಲಿಲ್ಲ. ಸಿಟ್ಟು ಬಂತು, ಭಯ ಬಂತು, ಮನೆಗೆ ಓಡಬೇಕೆನಿಸಿತು. ತಂಗಿಯ ಒಣಗಿದ ತುಟಿ ನೆನಪಾಯಿತು. ರೊಟ್ಟಿ ಮುರಿದು ಅರ್ಧ ಅವನ ಕೈಗಿಟ್ಟಳು.

ಇಬ್ಬರೂ ತಿಂದರು. ಬೇರುಗಳು ಕೂಡಿಕೊಂಡವು, ಅವನ ಮಂತ್ರವೆಲ್ಲ ನೀರಾಯಿತು. ಬಾವಿಯ ಬಾಯಿ ಮುಚ್ಚಿತು.

ಮೇಲೆ ಚೆನ್ನಾಜಿ ನೆರೆಯವಳ ಕೈಯಿಂದ ಗಂಜಿ ಕುಡಿದಳು, ಬದುಕಿದಳು. ಪದಗಿರಿಯವರು ಮನೆತುಂಬ ಮಂದಿ ಕೂಡಿಸಿಕೊಂಡು ನೂರು ವರ್ಷ ಸುಖವಾಗಿ ಉಂಡರು.

ಕೆಳಗೆ ಅವನು ಹೆದರುತ್ತ ಕೇಳಿದ: "ನಾಳೆಯೂ ನನ್ನ ಜೊತೆ ಕೂರುತ್ತೀಯಾ?"

"ಕೂರುತ್ತೇನೆ," ಎಂದಳು ತುಂಗವ್ವ. "ಕ್ಷಮಿಸುವುದಿಲ್ಲ."