ದೊರೆ ಕೂತ ಜಾಗ

ಚಳಿಗಾಲದ ಕೊನೆ. ಸಸಿ ಬೆಳೆಸುವ ನರ್ಸರಿಯಲ್ಲಿ ಕೈಬಿಡುವಿಲ್ಲದ ಕೆಲಸ. ಅವಳು ಟ್ರೇಯ ಗುಳಿಗಳಿಗೆ ಮಣ್ಣು ತುಂಬಿ, ಬೆರಳಿನಿಂದ ಒತ್ತಿ, ಗುಳಿಗೊಂದರಂತೆ ಟೊಮೇಟೊ ಬೀಜ ಇಡುತ್ತಿದ್ದಳು. ಮೇಜಿನ ಕೆಳಗೆ ದೊರೆ ಮಲಗಿದ್ದ. ಕಣ್ಣು ಕಾಣದವರಿಗೆ ದಾರಿ ತೋರುವ ನಾಯಿಗಳನ್ನು ತಯಾರು ಮಾಡುವ ಕೇಂದ್ರದವರು, ಅವನು ಮರಿಯಾಗಿದ್ದಾಗ ಸಾಕಲು ಅವಳಿಗೆ ಕೊಟ್ಟಿದ್ದರು. ಹೆಸರಿಟ್ಟವಳು ಅಮ್ಮ. "ಹೊತ್ತು ಹೊತ್ತಿಗೆ ಊಟ, ಬೈಯೋ ಹಾಗಿಲ್ಲ, ಹೊಡೆಯೋ ಹಾಗಿಲ್ಲ. ಇದು ನಾಯಲ್ಲ ಕಣೇ, ದೊರೆ!"

ಇವತ್ತು ಕೇಂದ್ರದ ಮೇಡಂ ಪರೀಕ್ಷೆಗೆ ಬಂದಿದ್ದರು. ಬಸ್ ನಿಲ್ದಾಣದವರೆಗೆ ನೆಟ್ಟಗೆ ನಡೆದರೆ ದೊರೆ ಮುಂದಿನ ತರಬೇತಿಗೆ ಹೋಗುತ್ತಾನೆ. ಇಲ್ಲದಿದ್ದರೆ ಯಾರದೋ ಮನೆಬಾಗಿಲು ಕಾಯುವ ನಾಯಿ.

ಬೇಕರಿಯ ವಾಸನೆಗೆ ಅವನು ಮೂಗೆತ್ತಲಿಲ್ಲ. ಬೀದಿನಾಯಿ ಬೊಗಳಿದರೂ ಕಿವಿಗೊಡಲಿಲ್ಲ. ಸೈಕಲ್ ರಿಪೇರಿ ಅಂಗಡಿಯ ಮುಂದೆ ಮಾತ್ರ ಗಕ್ಕನೆ ನಿಂತ. ನೆಂಟರ ಮನೆಗೆ ಬಂದವನಂತೆ ಬಾಲ ಸುತ್ತಿಕೊಂಡು ಕೂತ.

"ನೀವು ನಿಲ್ಲಿಸಿದ್ರಾ?"

"ಇಲ್ಲ ಮೇಡಂ."

ಹಿಂದೆ ಹೋಗಿ ಮತ್ತೆ ಬಂದರು. ಮತ್ತೆ ಕೂತ. ಒಳಗೆ ಸೈಕಲ್‌ನವನು ಟ್ಯೂಬನ್ನು ನೀರಿನಲ್ಲಿ ಅದ್ದಿ ಪಂಕ್ಚರ್ ಹುಡುಕುತ್ತಿದ್ದ. ಗುಳ್ಳೆ ಏಳುವ ಜಾಗ ಬಿಟ್ಟು ಉಳಿದೆಲ್ಲ ಕಡೆ ನೋಡುತ್ತಿದ್ದ. ಕಿವಿ ಕೆಂಪಾಗಿತ್ತು.

"ದಿನಾ ಇಲ್ಲಿ ನಿಲ್ತೀರಾ?"

"ನಡೆದು ಬಂದಿರ್ತೀವಲ್ಲ ಮೇಡಂ, ಬಾಯಾರುತ್ತೆ ಅಂತ ನೀರಿಗೆ..."

"ಯಾರಿಗೆ?"

ಅವಳು ನೆಲ ನೋಡಿದಳು. ಮೇಡಂ ನಗಲಿಲ್ಲ.

"ನೋಡಮ್ಮ, ನಾಯಿ ನಿಂತ್ರೆ ಮುಂದೆ ಗುಂಡಿನೋ ಮೆಟ್ಟಿಲೋ ಇದೆ ಅಂತ ಕಣ್ಣು ಕಾಣದವರು ನಂಬ್ತಾರೆ. ಏನೂ ಇಲ್ಲದ ಕಡೆ ನಿಂತ್ರೆ, ನಾಳೆ ನಿಜವಾದ ಗುಂಡಿ ಮುಂದೆ ನಿಂತಾಗ ನಂಬಲ್ಲ. ಒಂದು ತಿಂಗಳು ಟೈಮ್ ಕೊಡ್ತೀನಿ. ಇದೇ ದಾರಿ. ನಿಲ್ಲಬಾರದು, ಮಾತಾಡಬಾರದು, ಆ ಕಡೆ ನೋಡಲೂ ಬಾರದು." ಅಂಗಡಿಯತ್ತ ತಿರುಗಿ, "ನಿಮ್ಮನ್ನೂ ಸೇರಿಸಿಯೇ ಹೇಳಿದ್ದು," ಎಂದರು.

ಮರುದಿನವೂ ದೊರೆ ಕೂತ. ಅದರ ಮರುದಿನವೂ. ಆಮೇಲೆ ಅವಳಿಗೇ ಗೊತ್ತಾಯಿತು: ಅಂಗಡಿ ಹತ್ತಿರವಾದಂತೆ ದೊರೆಯ ಪಟ್ಟಿ ಹಿಡಿದ ತನ್ನ ಕೈಯೇ ಸಡಿಲವಾಗುತ್ತದೆ, ಹೆಜ್ಜೆ ನಿಧಾನವಾಗುತ್ತದೆ. ಬಾಯಿ ಯಾರಿಗೂ ಹೇಳದ್ದನ್ನು ಕೈ ದಿನವೂ ನಾಯಿಗೆ ಹೇಳಿಬಿಟ್ಟಿತ್ತು. ಕಲಿಯಬೇಕಾದವಳು ಅವಳೇ. ಕೈಯನ್ನು ಒಂದೇ ಹದದಲ್ಲಿ ಇಟ್ಟು ನಡೆಯುವುದನ್ನು ಕಲಿತಳು.

ಸೈಕಲ್‌ನವನು ಸ್ಟೂಲನ್ನು ಗೋಡೆಗೆ ಮುಖಮಾಡಿ ಹಾಕಿಕೊಂಡ. "ಏನಪ್ಪಾ, ರಸ್ತೆ ಮೇಲೆ ಮುನಿಸಾ?" ಎಂದು ಗಿರಾಕಿಯೊಬ್ಬ ಕೇಳಿದ್ದು ಅವಳ ಕಿವಿಗೂ ಬಿತ್ತು. "ಈ ಕಡೆ ಬೆಳಕು ಚೆನ್ನಾಗಿದೆ," ಎಂದ ಅವನು. ಆ ಗೋಡೆಗೆ ಕಿಟಕಿಯೇ ಇರಲಿಲ್ಲ. ಅವಳು ದಾಟುವಾಗ ಸುತ್ತಿಗೆಯ ಸದ್ದು ಮಾತ್ರ ನಿಲ್ಲುತ್ತಿತ್ತು.

"ಮುಗೀತಾ ನಿಂದೂ ಸೈಕಲ್‌ನವನದೂ ಮಾತುಕತೆ?" ಅಮ್ಮ ಕೆಣಕಿದಳು.

"ಶುರುವಾಗಿದ್ರೆ ತಾನೆ ಮುಗಿಯೋಕೆ?"

ತಿಂಗಳು ಕಳೆದು ಮೇಡಂ ಬಂದರು. ದೊರೆ ಪರಿಚಯವೇ ಇಲ್ಲದವನಂತೆ ಅಂಗಡಿ ದಾಟಿದ. ಅವಳ ಕೈ ಅಲುಗಲಿಲ್ಲ. ಸಂಜೆ ಕೇಂದ್ರದ ವ್ಯಾನು ಅವನನ್ನು ಕರೆದೊಯ್ದಿತು. "ಹೋಗಿ ಬಾ ನನ್ನಪ್ಪಾ," ಎಂದು ಅಮ್ಮ ಬಾಗಿಲಲ್ಲೇ ಬಹಳ ಹೊತ್ತು ನಿಂತಳು.

ಬೆಳಿಗ್ಗೆ ಅವಳು ಬರಿಗೈಯಲ್ಲಿ ಬಂದು ಅಂಗಡಿಯ ಮುಂದೆ ನಿಂತಳು.

"ಇನ್ನು ತಿರುಗಬಹುದು ನೀವು."

ತಿರುಗಿದ. ಅವಳ ಪಕ್ಕದ ಖಾಲಿ ಜಾಗ ನೋಡಿದ. "ಪಾಸಾದ್ನಾ?"

"ಹ್ಞೂಂ." ಅಷ್ಟಕ್ಕೇ ಅಳು ನುಗ್ಗಿತು. ಅವನು ಎದ್ದು ಸ್ಟೂಲು ಕೊಟ್ಟ. ಚಕ್ರದ ಕಡ್ಡಿ ಬಿಗಿಯುತ್ತ, ಅತ್ತು ಮುಗಿಯಲೆಂದು ಕಾದ.

"ನಾನು ಇಲ್ಲಿ ನಿಲ್ತಿದ್ದದ್ದು ಅವನಿಗೋಸ್ಕರ ಅಲ್ಲ," ಎಂದಳು ಮೂಗೊರೆಸಿಕೊಂಡು.

"ಗೊತ್ತು. ನಾನು ದಾರಿ ಕಾಯ್ತಿದ್ದದ್ದೂ ನಾಯಿಗಲ್ಲ."

"ಗೊತ್ತಿದ್ದೂ ತಿಂಗಳು ಪೂರ್ತಿ ಬೆನ್ನು ತೋರಿಸಿದ್ರಿ. ಅಷ್ಟೂ ದಿನದ ಮಾತು ಬಾಕಿ ಇದೆ."

"ಒಂದೇ ಸಲ ಕೊಡೋಕಾಗಲ್ಲ. ನಾನು ಮಾತಿನಲ್ಲಿ ಬಡವ. ಕಂತಿನಲ್ಲಿ ತಗೋತೀರಾ?"

"ತೀರೋ ಹೊತ್ತಿಗೆ ಮುದುಕಿ ಆಗಿರ್ತೀನಿ."

"ಆಗಿ. ಪಕ್ಕದಲ್ಲೇ ಒಬ್ಬ ಮುದುಕ ಇರ್ತಾನೆ."

ಅಳುವಿನ ನಡುವೆಯೇ ಅವಳಿಗೆ ನಗು ಬಂತು. ನರ್ಸರಿಗೆ ಹೊತ್ತಾಗಿತ್ತು. ಎದ್ದು ಹೊರಟವಳು ತಿರುಗಿ, "ಮತ್ತೆ, ಇವತ್ತಿನ ಕಂತು?" ಎಂದಳು.

ಅವನು ಕೈಯ ಮಸಿ ಒರೆಸಿಕೊಂಡ.

"ಸಂಜೆ ನಿಮ್ಮಮ್ಮ ಮನೇಲಿರ್ತಾರಾ?"