ಡಬ್ಬಿ ಮತ್ತು ಗತಿದರ್ಶಕ

ಬೆಂಕಿ, ಚಕ್ರ ಮೊದಲಾದ ಶೋಧಗಳ ಸಾಲಿನಲ್ಲೇ ನಮೂದಿಸಬೇಕಾದ ಒಂದು ಘಟನೆ ಹುಬ್ಬಳ್ಳಿಯ ಮನಶ್ಚಿಕಿತ್ಸಾಲಯವೊಂದರಲ್ಲಿ ಬುಧವಾರ ಹನ್ನೆರಡಕ್ಕೆ ನಡೆಯಿತು: ರೋಗಿಯೊಬ್ಬ ಎದ್ದು ಹೋಗುವಾಗ ವೈದ್ಯೆಯ ಮೇಜಿನ ಮೇಲೆ ಸ್ಟೀಲ್ ಡಬ್ಬಿಯೊಂದನ್ನು ಇಟ್ಟು ಹೋದ. ಅದೇ ಮೇಜಿನ ಮೇಲಿದ್ದ ಗತಿದರ್ಶಕ ಯಂತ್ರವು ‘ಲೋಹದ ಸದ್ದು, ಅಪ್ರಸ್ತುತ’ ಎಂದು ಬರೆದುಕೊಂಡಿತು.

ಗತಿದರ್ಶಕಕ್ಕೆ ಅಪ್ರಸ್ತುತವೆನಿಸುವ ಸಂಗತಿಗಳು ಹೆಚ್ಚಿರಲಿಲ್ಲ. ರೋಗಿಯ ದನಿಯ ಕಂಪನ, ಎರಡು ಮಾತುಗಳ ನಡುವಿನ ಮೌನ, ಕುರ್ಚಿಯ ತೋಳಿನಿಂದ ತಿಳಿಯುವ ನಾಡಿ, ಇವೆಲ್ಲವನ್ನೂ ಅಳೆದು ಅದು ಪ್ರತಿ ಭೇಟಿಯ ಕೊನೆಗೆ ಒಂದು ರೇಖೆ ಎಳೆಯುತ್ತಿತ್ತು. ನಾಲ್ಕು ಲಕ್ಷ ರೋಗಿಗಳ ರೇಖೆಗಳು ಅದಕ್ಕೆ ಬಾಯಿಪಾಠ. ಯಾರು ಗುಣವಾಗುತ್ತಾರೆ, ಯಾರು ನಡುವೆ ಬಿಟ್ಟುಹೋಗುತ್ತಾರೆ ಎಂದು ಅದು ಹೇಳಿದರೆ ತಪ್ಪುವುದು ಅಪರೂಪ. ಜ್ಯೋತಿಷಿಗಳಿಗಿಂತ ಅದು ಮೇಲಾಗಿದ್ದುದು ಇನ್ನೊಂದು ಕಾರಣಕ್ಕೆ: ದಕ್ಷಿಣೆ ಕೇಳುತ್ತಿರಲಿಲ್ಲ.

ಡಬ್ಬಿ ಇಟ್ಟುಹೋದ ದೇವೇಂದ್ರ ಬಡಿಗೇರ ರೈಲಿನ ಚಾಲಕ. ಗಾಡಿಗಳು ತಾವಾಗಿಯೇ ಓಡುವ ಕಾಲ ಬಂದಿದ್ದರೂ ಎಂಜಿನ್ನಿನಲ್ಲಿ ಒಬ್ಬ ಮನುಷ್ಯ ಕೂತಿರಲೇಬೇಕೆಂದು ಕಾನೂನು ಇತ್ತು. ಏನಾದರೂ ಆದಾಗ ವಿಚಾರಣೆಗೆ ಕರೆಯಲು ಒಬ್ಬರು ಬೇಕಲ್ಲ. ಅಣ್ಣಿಗೇರಿಯ ಹತ್ತಿರ ಒಬ್ಬಳು ಹಳಿಯ ಮೇಲೆ ಬಂದು ನಿಂತು ಅವನನ್ನೇ ನೋಡಿದ್ದಳು. ಬ್ರೇಕು ಬಿದ್ದಿತ್ತು, ಆದರೆ ರೈಲು ಎತ್ತಿನಗಾಡಿಯಲ್ಲ. ಅಂದಿನಿಂದ ಅವನು ಎಂಜಿನ್ ಹತ್ತಿಲ್ಲ, ಹೆಚ್ಚು ಮಾತಾಡಿಲ್ಲ. ಮೂರು ಭೇಟಿಗಳಲ್ಲಿ ಡಾ. ಪ್ರಫುಲ್ಲಾ ಅಂಗಡಿ ಅವನಿಂದ ಹೊರಡಿಸಿದ್ದು “ಆರಾಮ ಅದೀನ್ರಿ” ಎಂಬ ಎರಡು ಶಬ್ದ. ನಾಲ್ಕನೆಯದರಲ್ಲಿ ಅದೂ ಇಲ್ಲ.

ಅವನು ಹೋದ ಮೇಲೆ ಪರದೆಯಲ್ಲಿ ಮೂಡಿತು: ‘ಮುಂದಿನ ಭೇಟಿಗೆ ಬರುವುದಿಲ್ಲ. ನೂರಕ್ಕೆ ತೊಂಬತ್ತಮೂರು.’ ಕೆಳಗೆ ಸಣ್ಣ ಅಕ್ಷರದಲ್ಲಿ, ಇಂಥ ರೇಖೆಯವರು ಬಿಟ್ಟುಹೋದರೆ ಆರರಲ್ಲಿ ಒಬ್ಬರು ವರ್ಷದೊಳಗೆ ಜೀವ ಕಳೆದುಕೊಳ್ಳುತ್ತಾರೆ ಎಂದಿತ್ತು. ತೊಂಬತ್ತು ದಾಟಿದವರ ಭೇಟಿಯ ಹೊತ್ತನ್ನು, ಸರದಿ ಕಾಯುತ್ತಿರುವ ಬೇರೆಯವರಿಗೆ ಕೊಡಬೇಕೆಂಬುದು ಆಸ್ಪತ್ರೆಯ ನಿಯಮ. ಪ್ರಫುಲ್ಲಾ ಮುಂದಿನ ಬುಧವಾರದ ಹನ್ನೊಂದು ಗಂಟೆಗೆ ‘ಫ್ಯಾನು ದುರಸ್ತಿ’ ಎಂದು ಬರೆದು ಅದನ್ನು ಖಾಲಿ ಉಳಿಸಿಕೊಂಡಳು.

ಆಮೇಲೆ ಡಬ್ಬಿ ತೆರೆದಳು. ಶೇಂಗಾ ಹೋಳಿಗೆ. ರೋಗಿಗಳಿಂದ ಏನನ್ನೂ ತೆಗೆದುಕೊಳ್ಳಬಾರದೆಂದು ಅವಳು ಓದಿದ ಪುಸ್ತಕಗಳೆಲ್ಲ ಒಮ್ಮತದಿಂದ ಹೇಳಿದ್ದವು. ಎರಡನೆಯ ಹೋಳಿಗೆ ಮುಗಿಯುವ ಹೊತ್ತಿಗೆ ಅದು ನೆನಪಾಯಿತು. ಡಬ್ಬಿಯ ಹೊಟ್ಟೆಯ ಮೇಲೆ ‘ಮಹಾನಂದಾ ದೇ. ಬಡಿಗೇರ’ ಎಂದು ಅವನ ಹೆಂಡತಿಯ ಹೆಸರು ಕೊರೆಸಿತ್ತು. ಖಾಲಿ ಡಬ್ಬಿ ತಿರುಗಿ ಕೊಡಬಾರದೆಂಬುದು ಪುಸ್ತಕಗಳಿಗಿಂತ ಹಳೆಯ ನಿಯಮ, ಅವಳ ಅವ್ವನದು. ಅಡುಗೆಗೂ ಅವಳಿಗೂ ಅಷ್ಟಕ್ಕಷ್ಟೆ. ಅಂಗಡಿಯಿಂದ ಅವಲಕ್ಕಿ ಚೂಡಾ ತಂದು ತುಂಬಿಟ್ಟಳು.

ಬುಧವಾರ ಹನ್ನೊಂದಕ್ಕೆ ಬಾಗಿಲಲ್ಲಿ ದೇವೇಂದ್ರ ನಿಂತಿದ್ದ. ಡಬ್ಬಿ ಒಯ್ಯಲು ಬಂದೆ ಎಂದ. ಬಂದವನು ಕೂತ. ಕೂತವನು ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ಅದರ ಮುಚ್ಚಳಕ್ಕೆ ಹೇಳುವಂತೆ, ಆ ಹೆಂಗಸು ಉಟ್ಟಿದ್ದ ಸೀರೆಯ ಬಣ್ಣ ಹೇಳಿದ. ಒಂದು ಗಂಟೆ ಮಾತಾಡಿದ.

ಮುಂದಿನ ವಾರ ಡಬ್ಬಿ ಮತ್ತೆ ಬಂತು.

“ಅಂಗಡಿ ಚೂಡಾ ಅಂತ ಮನ್ಯಾಕಿಗೆ ಗೊತ್ತಾತ್ರಿ.”

“ಏನಂದ್ರು?”

“ಪಾಪ ಅಂದ್ಳು.”

ಹೀಗೆ ಡಬ್ಬಿ ಹೋಗಿ ಬಂದು ಮಾಡುತ್ತ ಐದು ತಿಂಗಳಾಯಿತು. ಯಂತ್ರ ಪ್ರತಿ ವಾರವೂ ಅವನು ಬರುವುದಿಲ್ಲವೆಂದಿತು. ಅವನು ಪ್ರತಿ ವಾರವೂ ಬಂದ. ಕೊನೆಗೆ ಯಂತ್ರವನ್ನು ರೂಪಿಸಿದ ವಿಜ್ಞಾನಿ ಡಾ. ವಿಲಾಸ ಗುಡಿ, ತನ್ನ ಮಗುವಿಗೆ ಪರೀಕ್ಷೆಯಲ್ಲಿ ಅನ್ಯಾಯವಾಯಿತೆಂಬ ತಂದೆಯ ಮುಖ ಹೊತ್ತು ಬಂದರು. ನಾಡಿ, ಮೌನ, ದನಿ ಎಲ್ಲ ಸರಿಯಿದೆ, ಮನುಷ್ಯನೇ ತಪ್ಪಿದ್ದಾನೆ ಎಂಬುದು ಅವರ ವಾದ. ದೇವೇಂದ್ರನ ಒಪ್ಪಿಗೆ ಪಡೆದು ಅವನನ್ನೇ ಕೇಳಿದರು: ಐದನೆಯ ಸಲ ಯಾಕೆ ಬಂದಿರಿ?

“ಮಷಿನ್ ಖರೇನ ಹೇಳಿತ್ರಿ ಸಾಹೇಬ್ರ. ಆ ವಾರ ನಾ ಬರಾಂವ ಇರಲಿಲ್ಲ. ಎಲ್ಲೀಗೂ ಬರಾಂವ ಇರಲಿಲ್ಲ.” ಅವನು ಡಬ್ಬಿಯ ಮುಚ್ಚಳವನ್ನು ಒತ್ತಿ ಕೂರಿಸಿದ. “ಆದ್ರ ಮನ್ಯಾಕಿ ಹೆಸರಿನ ಡಬ್ಬಿ ಡಾಕ್ಟರ್ ಬಾಯಾರ ಕಡೆ ಇತ್ತು. ಮಂದಿ ಕಡೆ ಡಬ್ಬಿ ಬಿಟ್ಟು ಹೆಂಗ ಹೋಗೂದ್ರಿ?”

ಪ್ರಫುಲ್ಲಾ ಕಿಟಕಿಯ ಕಡೆ ತಿರುಗಿ ದುರಸ್ತಿ ಬೇಕಿಲ್ಲದ ಫ್ಯಾನಿನ ಗುಂಡಿಯನ್ನು ಎರಡು ಸಲ ಒತ್ತಿದಳು.

ಗುಡಿಯವರು ಹಟವಾದಿ, ಆದರೆ ಪ್ರಾಮಾಣಿಕ. ಮರುದಿನವೇ ಗತಿದರ್ಶಕಕ್ಕೆ ‘ಪಾತ್ರಾಂಕ’ ಎಂಬ ಹೊಸ ಅಳತೆ ಸೇರಿಸಿದರು: ರೋಗಿಯ ಮನೆಯ ಪಾತ್ರೆ ವೈದ್ಯರಲ್ಲಿ ಉಳಿದಿದೆಯೇ, ಎಷ್ಟು ದಿನದಿಂದ, ಹೆಸರು ಕೊರೆಸಿದೆಯೇ. ಮುಂದಿನ ಬುಧವಾರ ಬೆಳಗ್ಗೆ ಡಬ್ಬಿ ಪ್ರಫುಲ್ಲಾಳ ಮೇಜಿನ ಮೇಲಿತ್ತು. ಅವಳು ಸ್ವತಃ ಮಾಡಿದ, ತುಸು ಸೀದ ರವೆ ಉಂಡಿ ಅದರಲ್ಲಿತ್ತು. ಯಂತ್ರ ಮೊದಲ ಬಾರಿಗೆ ಹೇಳಿತು: ‘ಬರುತ್ತಾನೆ. ನೂರಕ್ಕೆ ತೊಂಬತ್ತೆಂಟು.’

ಹನ್ನೊಂದಾಯಿತು. ಹನ್ನೊಂದೂವರೆಯಾಯಿತು. ಅವನು ಬರಲಿಲ್ಲ. ಆರರಲ್ಲಿ ಒಬ್ಬರು ಎಂಬ ಸಣ್ಣ ಅಕ್ಷರಗಳು ಪ್ರಫುಲ್ಲಾಳ ಕಣ್ಣ ಮುಂದೆ ದೊಡ್ಡವಾದವು. ಅವನ ಮನೆಗೆ ಫೋನು ಮಾಡಿದಳು.

ಮಹಾನಂದಾ ಎತ್ತಿದಳು. “ಡ್ಯೂಟಿಗೆ ಹೋದ್ರಲ್ರಿ ಬಾಯಾರ,” ಎಂದಳು. ಕೆಲಸಕ್ಕೆ ಹೋಗಬಹುದೆಂದು ಪ್ರಫುಲ್ಲಾ ಬರೆದುಕೊಟ್ಟಿದ್ದ ಪತ್ರವನ್ನು ಅವನು ತಿಂಗಳಿಂದ ಜೇಬಿನಲ್ಲಿ ಮಡಚಿಟ್ಟುಕೊಂಡಿದ್ದನಂತೆ. ಇಂದು ಬೆಳಗ್ಗೆ ಸುಮ್ಮನೆ ಎದ್ದು, ಅಂಗಿ ಹಾಕಿಕೊಂಡು ನಡೆದನಂತೆ. ಮೊದಲೇ ಹೇಳಿದರೆ ಧೈರ್ಯ ಕೆಡುತ್ತದೆಂದು ಯಾರಿಗೂ ಹೇಳಿರಲಿಲ್ಲ.

“ಡಬ್ಬಿ ಇಲ್ಲೇ ಐತಿ,” ಎಂದಳು ಪ್ರಫುಲ್ಲಾ.

“ಇರ್ಲಿ ಬಿಡ್ರಿ. ಎಲ್ಲಿ ಹೋಗತೈತಿ?”

ಗತಿದರ್ಶಕವು ‘ರೋಗಿ ನಡುವೆ ಬಿಟ್ಟುಹೋದ, ಚಿಕಿತ್ಸೆ ವಿಫಲ’ ಎಂದು ಬರೆದು ಕಡತ ಮುಚ್ಚಿತು. ಆ ದಿನ ದೇವೇಂದ್ರ ಹತ್ತಿದ್ದ ಸೊಲ್ಲಾಪುರ ಗಾಡಿ ಹುಬ್ಬಳ್ಳಿಯಿಂದ ನಾಲ್ಕು ನಿಮಿಷ ತಡವಾಗಿ ಹೊರಟು, ಅಣ್ಣಿಗೇರಿ ದಾಟಿ, ಹೊತ್ತಿಗೆ ಸರಿಯಾಗಿ ಗದಗ ಮುಟ್ಟಿತು.