ಮುಚ್ಚಿದ ದುರ್ಬೀನು

ದೆವ್ವ ಕತ್ತಲಲ್ಲೇ ಬರುತ್ತದೆ ಎನ್ನುವವರು ಪಾವಗಡದ ನಮ್ಮ ತಾರಸಿಗೆ ಮಟಮಟ ಮಧ್ಯಾಹ್ನ ಬಂದು ನೋಡಲಿ.

ಸೂರ್ಯನ ಮೈ ಐದೈದು ನಿಮಿಷಕ್ಕೆ ಉಬ್ಬಿ ಇಳಿಯುತ್ತದೆ. ಅದನ್ನು ಅಳೆದು ಅವನ ಒಡಲೊಳಗೆ ಏನಿದೆಯೆಂದು ತಿಳಿಯುವುದು ನಮ್ಮ ಕೆಲಸ. ದುರ್ಬೀನು ತಾರಸಿಯ ಮೇಲೆ, ಆ ಉಬ್ಬಿಳಿತ ಅಲೆಯಾಗಿ ಮೂಡುವ ಪರದೆ ಕೆಳಗಿನ ಕೋಣೆಯಲ್ಲಿ. ಬೆಳಗ್ಗೆ ನನ್ನ ಪಾಳಿ, ಮಧ್ಯಾಹ್ನ ಶ್ರೀಲತಾಳದು. ನಾನು ಹನ್ನೊಂದು ವರ್ಷದಿಂದ ಇದ್ದೇನೆ. ಅವಳು ಬಂದು ವರ್ಷ ತುಂಬಿರಲಿಲ್ಲ. ಆದರೂ ಮೇಲಧಿಕಾರಿಗಳು ಗೋಡೆಗೆ ಅಂಟಿಸುತ್ತಿದ್ದುದು ಅವಳ ಪಾಳಿಯ ಅಲೆಚಿತ್ರಗಳನ್ನೇ. ನನಗೆ ಹೊಟ್ಟೆ ಉರಿಯುತ್ತಿತ್ತು.

ಒಂದು ಮಧ್ಯಾಹ್ನ ಅವಳು ದುರ್ಬೀನು ಹೊಂದಿಸಿ ಕೆಳಗಿಳಿದ ಮೇಲೆ ನಾನು ಕಳ್ಳಹೆಜ್ಜೆಯಲ್ಲಿ ಹತ್ತಿ, ದುರ್ಬೀನಿಗೆ ಮುಚ್ಚಳ ಹಾಕಿಬಂದೆ. ಸ್ವಲ್ಪ ಹೊತ್ತಿಗೆ ಅವಳೇ ಕರೆದಳು.

"ವನಜಕ್ಕ, ಇಲ್ನೋಡು. ಇವತ್ತಿನಷ್ಟು ಚೆಂದಾಗಿ ಯಾವತ್ತೂ ಬಂದಿರ್ಲಿಲ್ಲ ಕಣಕ್ಕ."

ಪರದೆಯ ಮೇಲೆ ಅಲೆ ಏಳುತ್ತಿತ್ತು, ಬೀಳುತ್ತಿತ್ತು. ಮೇಲಕ್ಕೆ ಓಡಿದೆ. ಮುಚ್ಚಳ ಹಾಕಿದಂತೆಯೇ ಇತ್ತು. ಕಾಲು ಸುಡುವ ಬಿಸಿಲಲ್ಲೂ ಅದು ಮಡಕೆಯ ನೀರಿನಂತೆ ತಣ್ಣಗಿತ್ತು. ಬೆರಳಿಟ್ಟರೆ ಮೆಲ್ಲಗೆ ಉಬ್ಬಿ ಇಳಿಯುತ್ತಿತ್ತು.

ಮರುದಿನ ನನ್ನ ಪಾಳಿಗೆ ಮುಚ್ಚಳ ತೆಗೆದೆ. ಒಂದು ಚೂರು ಮೋಡವಿರಲಿಲ್ಲ. ಪರದೆಯ ಮೇಲೆ ನೇರವಾದ ಒಂದು ಗೆರೆ ಮಾತ್ರ ಬಂತು.

ಆರು ತಿಂಗಳಾಯಿತು. ನನ್ನ ಪಾಳಿಯಲ್ಲಿ ಸೂರ್ಯ ಇನ್ನೂ ಅಲುಗಿಲ್ಲ.